ವೆಬ್ ಸ್ಕ್ರಿಪ್ಟಿಂಗ್‌ಗೆ ಕೋಡ್ ಎಡಿಟರ್: ಆಯ್ಕೆ, ಕಾರ್ಯಕ್ಷಮತೆ ಮತ್ತು ಲೆಕ್ಕಾಚಾರ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳ ಇಂಗ್ಲಿಷ್ ಕಾಗುಣಿತವು ಅಧಿಕೃತವಾಗಿ ಬದಲಾಯಿತು. ಕನ್ನಡದಲ್ಲಿ ಬಹುಕಾಲದಿಂದ ಬೆಳಗಾವಿ ಎಂದೇ ಬರೆಯಲ್ಪಡುತ್ತಿದ್ದ ಊರು ಅಂದಿನಿಂದ ಇಂಗ್ಲಿಷಿನಲ್ಲಿಯೂ 'ಬೆಲ್ಗಾಮ್' ಎಂಬುದನ್ನು ತೊರೆದು 'ಬೆಳಗಾವಿ'ಯಾಯಿತು. ಲೆಟರ್‌ಹೆಡ್, ರಬ್ಬರ್ ಸ್ಟಾಂಪ್, ಬಿಲ್ ಪುಸ್ತಕಗಳನ್ನು ಬದಲಾಯಿಸುವುದು ಮುದ್ರಣಾಲಯದ ಕೆಲಸವಾದುದರಿಂದ ಅದು ಸುಲಭವಾಗಿ ಮುಗಿಯುವಂಥದು. ಜಾಲತಾಣಗಳನ್ನು ಹೊಂದಿದ್ದ ಉದ್ದಿಮೆಗಳಿಗೆ ಮಾತ್ರ ಈ ಒಂದು ಪದದ ಬದಲಾವಣೆಯು ಅಷ್ಟು ಸರಳವಾದುದಲ್ಲ.

ಮಧ್ಯಮ ಗಾತ್ರದ ಒಂದು ಉದ್ದಿಮೆಯ ಜಾಲತಾಣದಲ್ಲಿ 300 ಕಡತಗಳಿವೆಯೆಂದು ಭಾವಿಸಬಹುದು. ಹಳೆಯ ಕಾಗುಣಿತವನ್ನು ಹುಡುಕಿ, ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿಯನ್ನು ಒತ್ತಿದರೆ ಅಂಚೆ ವಿಳಾಸವೇನೋ ಸರಿಯಾಗುತ್ತದೆ. ಅದರೊಡನೆ ಇ-ಮೇಲ್ ವಿಳಾಸದಲ್ಲಿದ್ದ ಆ ಪದವೂ ಬದಲಾಗಿ, ಗ್ರಾಹಕರ ವಿಚಾರಣೆಗಳು ಇಲ್ಲದ ವಿಳಾಸಕ್ಕೆ ಹೋಗತೊಡಗುತ್ತವೆ. ಛಾಯಾಚಿತ್ರಗಳ ಕಡತದ ಹೆಸರಿನಲ್ಲಿ ಆ ಪದವಿದ್ದರೆ ಚಿತ್ರಗಳು ಪುಟದಿಂದ ಮಾಯವಾಗುತ್ತವೆ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಹೆಸರಿನಲ್ಲಿಯೇ ಹಳೆಯ ಕಾಗುಣಿತವಿದ್ದರೆ, ಜಾಲತಾಣದಲ್ಲಿ ಅದನ್ನು ತಿದ್ದುವಂತೆಯೇ ಇಲ್ಲ. ಕಂಪನಿಯ ಹೆಸರಿನ ಬದಲಾವಣೆಗೆ ಬೇರೆಯೇ ವಿಧಿವಿಧಾನಗಳಿವೆ. ಇದೇ 300 ಕಡತಗಳನ್ನು ತಪ್ಪು ಅಕ್ಷರ ಸಂಕೇತದಲ್ಲಿ ಉಳಿಸಿದರಂತೂ ಕನ್ನಡ ಮತ್ತು ಮರಾಠಿ ಪಠ್ಯವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಪರಿವರ್ತನೆಗೊಳ್ಳುತ್ತದೆ. ಹಾಗೆ ಹೋದ ಅಕ್ಷರಗಳನ್ನು ಹಿಂದಕ್ಕೆ ತರಲು ಹಳೆಯ ಪ್ರತಿಯ ಹೊರತು ಬೇರೆ ಉಪಾಯವಿಲ್ಲ.

ಈ ಎಲ್ಲ ಕೆಲಸ ನಡೆಯುವುದು ಕೋಡ್ ಎಡಿಟರ್ ಎಂಬ ಒಂದು ತಂತ್ರಾಂಶದಲ್ಲಿ. ಉದ್ದಿಮೆದಾರರು ಗಣಕಯಂತ್ರದ ಬೆಲೆಯನ್ನು ಹತ್ತು ಕಡೆ ವಿಚಾರಿಸುತ್ತಾರೆ. ಎಡಿಟರ್‌ನ ಆಯ್ಕೆಯನ್ನು ಮಾತ್ರ ಕೆಲಸಕ್ಕೆ ಬಂದ ಹುಡುಗನಿಗೆ ಬಿಟ್ಟುಬಿಡುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾದಂದಿನಿಂದ ಅದರ ಕೇಂದ್ರಸ್ಥಾನವಾಗಿರುವ ಈ ನಗರದಲ್ಲಿ ಸ್ಕ್ರಿಪ್ಟ್ ಬರೆಯಬಲ್ಲ ಪದವೀಧರರಿಗೆ ಕೊರತೆಯಿಲ್ಲ. ಆದರೆ ಹುಡುಗ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಆತ ಬಿಟ್ಟುಹೋದ ಕಡತಗಳೊಡನೆ ಬದುಕಬೇಕಾದವರು ಮಾಲೀಕರೇ.

ಎಡಿಟರ್ ವೇಗವಾದರೆ ಜಾಲತಾಣ ವೇಗವಾಗುವುದೇ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಪಿಎಚ್‌ಪಿಯಲ್ಲಿ ಬರೆದ ಸ್ಕ್ರಿಪ್ಟ್ ಸರ್ವರ್‌ನಲ್ಲಿ ಓಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದುದು ಬಹುತೇಕ ಗ್ರಾಹಕನ ಬ್ರೌಸರ್‌ನಲ್ಲಿ ಓಡುತ್ತದೆ. ಎಡಿಟರ್ ಇವೆರಡರಲ್ಲಿಯೂ ಪಾಲ್ಗೊಳ್ಳುವುದಿಲ್ಲ. ದುಬಾರಿ ಲೇಖನಿಯಿಂದ ಬರೆದ ಮಾತ್ರಕ್ಕೆ ರೋಜುನಾಮೆ ತಾಳೆಯಾಗುವುದಿಲ್ಲವಷ್ಟೆ. ಎಡಿಟರ್‌ನ ಕಾರ್ಯಕ್ಷಮತೆ ಎಂದರೆ ಬರೆಯುವವನ ಸಮಯದ ಉಳಿತಾಯ ಮತ್ತು ಆತನಿಂದಾಗುವ ತಪ್ಪುಗಳ ತಡೆ, ಇಷ್ಟೇ.

ಇದಕ್ಕೆ ಒಂದು ಅಪವಾದವಿತ್ತು. ಪುಟವನ್ನು ಚಿತ್ರದಂತೆ ಎಳೆದು ಜೋಡಿಸಿದರೆ ಸಂಕೇತವನ್ನು ತಾನೇ ಬರೆದುಕೊಡುವ ಫ್ರಂಟ್‌ಪೇಜ್‌ನಂಥ ತಂತ್ರಾಂಶಗಳು ಅನಗತ್ಯ ಸಂಕೇತಗಳನ್ನು ತುಂಬಿ ಪುಟಗಳನ್ನು ಭಾರಗೊಳಿಸುತ್ತಿದ್ದವು. ಮೈಕ್ರೋಸಾಫ್ಟ್ ಸಂಸ್ಥೆಯು 2006ರಲ್ಲಿ ಅದನ್ನು ಕೈಬಿಟ್ಟಿತು.

ದೊಡ್ಡ ಕಡತವೂ ಸ್ಮೃತಿಯ ಲೆಕ್ಕವೂ

ಎಡಿಟರ್ ನಿಧಾನವಾಗುವುದೇಕೆ ಎಂಬುದನ್ನು ಅರಿಯಲು ಅದರ ಒಳಗಿನ ಲೆಕ್ಕ ಪದ್ಧತಿಯನ್ನು ನೋಡಬೇಕು. ಲೆಕ್ಕಪತ್ರಗಳನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ.

ಒಂದು ಕಡತವನ್ನು ತೆರೆದಾಗ ಎಡಿಟರ್ ಅದನ್ನು ಸ್ಮೃತಿಯಲ್ಲಿ ಹೇಗೆ ಇರಿಸಿಕೊಳ್ಳುತ್ತದೆ? ಪ್ರತಿ ಸಾಲಿಗೂ ಪ್ರತ್ಯೇಕ ದಾಖಲೆಯನ್ನು ತೆರೆಯುವುದು ಒಂದು ವಿಧಾನ. ವಿಷುಯಲ್ ಸ್ಟುಡಿಯೋ ಕೋಡ್ ಮೊದಲು ಹೀಗೆಯೇ ಮಾಡುತ್ತಿತ್ತು. ಬಳಕೆದಾರನೊಬ್ಬ ಕೇವಲ 35 ಎಂಬಿ ಗಾತ್ರದ ಕಡತವೊಂದನ್ನು ತೆರೆಯಲಾಗದೆ ದೂರು ನೀಡಿದಾಗ, ಆ ಕಡತದಲ್ಲಿ 1 ಕೋಟಿ 37 ಲಕ್ಷ ಸಾಲುಗಳಿರುವುದು ಕಂಡುಬಂದಿತು. ಪ್ರತಿ ಸಾಲಿನ ದಾಖಲೆಗೆ 40ರಿಂದ 60 ಬೈಟ್ ಬೇಕಾಗುತ್ತಿದ್ದುದರಿಂದ, 35 ಎಂಬಿ ಸರಕನ್ನು ಇರಿಸಲು ಸುಮಾರು 600 ಎಂಬಿ ಸ್ಮೃತಿ ವ್ಯಯವಾಗುತ್ತಿತ್ತು. ಸರಕಿನ ಬೆಲೆಗಿಂತ ಗೋದಾಮಿನ ಬಾಡಿಗೆ ಹದಿನೇಳು ಪಟ್ಟು! 2018ರ ಮಾರ್ಚ್‌ನಲ್ಲಿ ಅದರ ತಂತ್ರಜ್ಞರು ಈ ಪದ್ಧತಿಯನ್ನು ಬದಲಾಯಿಸಿದ ವಿವರಗಳನ್ನು ಪ್ರಕಟಿಸಿದರು.

ಹೊಸ ಪದ್ಧತಿಗೆ ಪೀಸ್ ಟೇಬಲ್ ಎಂಬ ಹಳೆಯ ಕಲ್ಪನೆಯೇ ಆಧಾರ. ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇರಿಸಿ, ಹೊಸದಾಗಿ ಬರೆದುದನ್ನೆಲ್ಲ ಪ್ರತ್ಯೇಕವಾಗಿ ಸೇರಿಸುತ್ತ, ಯಾವ ತುಣುಕಿನ ನಂತರ ಯಾವ ತುಣುಕು ಬರಬೇಕೆಂಬ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದೇ ಈ ವಿಧಾನ. ಲೆಕ್ಕಪುಸ್ತಕದಲ್ಲಿ ಬರೆದುದನ್ನು ಅಳಿಸಬಾರದು, ತಪ್ಪಾಗಿದ್ದರೆ ತಿದ್ದುಪಡಿಯ ನಮೂದನ್ನು ಬರೆಯಬೇಕು ಎಂಬ ನಿಯಮವನ್ನು ಪ್ರತಿಯೊಬ್ಬ ಗುಮಾಸ್ತನೂ ಬಲ್ಲ. ಅದೇ ನಿಯಮ ಇಲ್ಲಿಯೂ ಇದೆ. ಮೂಲವು ಅಖಂಡವಾಗಿರುವುದರಿಂದ ಮಾಡಿದ ಬದಲಾವಣೆಯನ್ನು ಹಿಂತೆಗೆಯುವುದೂ ಸುಲಭವಾಗುತ್ತದೆ.

ಎರಡನೆಯ ಹೊರೆ ಎಂದರೆ ಬಣ್ಣಗಾರಿಕೆ. ಆಜ್ಞೆಗಳಿಗೆ ಒಂದು ಬಣ್ಣ, ಸಂಖ್ಯೆಗಳಿಗೆ ಇನ್ನೊಂದು ಬಣ್ಣ ಎಂದು ತೋರಿಸಲು ಎಡಿಟರ್ ಪ್ರತಿ ಸಾಲನ್ನೂ ಓದಿ ವಿಂಗಡಿಸಬೇಕು. ಸಾಲು ಸಾಧಾರಣ ಉದ್ದದ್ದಾದರೆ ಇದು ಕ್ಷಣಾರ್ಧದ ಕೆಲಸ. ಆದರೆ ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಳ್ಳುವ ಜೇಸನ್ ಮಾದರಿಯ ಕಡತಗಳು ಸಾಮಾನ್ಯವಾಗಿ ಸಾಲು ಮುರಿಯದೆ ಬರುತ್ತವೆ. ಇಡೀ ತಿಂಗಳ ಖರೀದಿಯ ವಿವರ ಒಂದೇ ಸಾಲಿನಲ್ಲಿರುತ್ತದೆ. ಸಂಕುಚಿತಗೊಳಿಸಿದ ಜಾವಾಸ್ಕ್ರಿಪ್ಟ್ ಕಡತಗಳೂ ಹಾಗೆಯೇ. ಇಂಥವನ್ನು ತೆರೆದೊಡನೆ ಕೆಲವು ಎಡಿಟರ್‌ಗಳು ಸ್ತಬ್ಧವಾಗುತ್ತವೆ. ವಿಷುಯಲ್ ಸ್ಟುಡಿಯೋ ಕೋಡ್ 20,000 ಅಕ್ಷರಗಳಿಗಿಂತ ಉದ್ದವಾದ ಸಾಲುಗಳಿಗೆ ಬಣ್ಣ ಹಾಕುವುದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಬಣ್ಣ ಕಾಣುತ್ತಿಲ್ಲವೆಂದು ಆಗ ಗಾಬರಿಗೊಳ್ಳುವುದು ಬೇಡ.

ಮೂರನೆಯ ಹೊರೆಯನ್ನು ಬಳಕೆದಾರರೇ ಹೇರುತ್ತಾರೆ. ಅದು ವಿಸ್ತರಣೆಗಳ ಹೊರೆ. ವಿಷುಯಲ್ ಸ್ಟುಡಿಯೋ ಕೋಡ್ ನಿಂತಿರುವುದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ. ಎಂದರೆ ಕ್ರೋಮಿಯಂ ಬ್ರೌಸರ್‌ನ ಎಂಜಿನ್ ಮತ್ತು ನೋಡ್ ಜೆಎಸ್ ಎರಡನ್ನೂ ಅದು ತನ್ನೊಳಗೆ ಹೊತ್ತಿರುತ್ತದೆ. ಅದರ ಮೇಲೆ ಇಪ್ಪತ್ತು ಮೂವತ್ತು ವಿಸ್ತರಣೆಗಳನ್ನು ಹಾಕಿಕೊಂಡರೆ, ಬ್ಯಾಲೆನ್ಸ್ ಶೀಟ್ ಸಿದ್ಧಪಡಿಸಲೆಂದು ಕೊಂಡ 4 ಜಿಬಿ ಸ್ಮೃತಿಯ ಹಳೆಯ ಯಂತ್ರದಲ್ಲಿ ಟ್ಯಾಲಿ, ಬ್ರೌಸರ್ ಮತ್ತು ಎಡಿಟರ್ ಮೂರೂ ಒಟ್ಟಿಗೆ ಓಡಲಾರವು. ಇದಕ್ಕೆ ವ್ಯತಿರಿಕ್ತವಾಗಿ, 2003ರಲ್ಲಿ ಡಾನ್ ಹೋ ಅವರು ಬಿಡುಗಡೆ ಮಾಡಿದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ನೇರವಾಗಿ ವಿಂಡೋಸ್‌ಗಾಗಿಯೇ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದುದಾದ್ದರಿಂದ ಹಳೆಯ ಯಂತ್ರಗಳಲ್ಲಿಯೂ ತಕ್ಷಣ ತೆರೆದುಕೊಳ್ಳುತ್ತದೆ.

ಈ ವಿಳಂಬದ ಬೆಲೆಯೆಷ್ಟು? ತಿಂಗಳಿಗೆ 30,000 ರೂಪಾಯಿ ವೇತನದ ಒಬ್ಬ ನೌಕರ 25 ದಿನ, ದಿನಕ್ಕೆ 8 ಗಂಟೆ ದುಡಿಯುವನೆಂದು ಇಟ್ಟುಕೊಂಡರೆ ಗಂಟೆಗೆ 150 ರೂಪಾಯಿ ಆಗುತ್ತದೆ. ಎಡಿಟರ್ ಸ್ತಬ್ಧವಾಗುವುದು, ಮರಳಿ ತೆರೆಯುವುದು ಇವುಗಳಿಂದ ದಿನಕ್ಕೆ 12 ನಿಮಿಷ ವ್ಯರ್ಥವಾದರೆ ತಿಂಗಳಿಗೆ 5 ಗಂಟೆ, ಎಂದರೆ 750 ರೂಪಾಯಿ. ವರ್ಷಕ್ಕೆ 9,000 ರೂಪಾಯಿ. ಹೆಚ್ಚುವರಿ ಸ್ಮೃತಿಯ ಪಟ್ಟಿಯನ್ನು ಹಾಕಿಸಲು ತಗಲುವ ಖರ್ಚನ್ನು ಈ ಮೊತ್ತದೊಡನೆ ಹೋಲಿಸಿ ತೀರ್ಮಾನಿಸಬೇಕೇ ಹೊರತು, ಎಡಿಟರ್ ಉಚಿತವೆಂಬ ಸಮಾಧಾನದಿಂದಲ್ಲ.

ಇಪ್ಪತ್ತೊಂದೋ, ಏಳೋ, ನಾಲ್ಕೋ?

ಗಡಿನಾಡಿನ ಉದ್ದಿಮೆಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಖಾನಾಪುರದ ಹೆಂಚು, ಕುಂಬಾರಿಕೆಯ ವಸ್ತುಗಳನ್ನು ಕೊಳ್ಳುವ ಗ್ರಾಹಕ ಧಾರವಾಡದವನಿರಬಹುದು, ಕೊಲ್ಹಾಪುರದವನಿರಬಹುದು, ಗೋವೆಯವನೂ ಇರಬಹುದು. ಆದುದರಿಂದ ಇಲ್ಲಿನ ಎಡಿಟರ್‌ನ ಮೊದಲ ಪರೀಕ್ಷೆ ನಡೆಯಬೇಕಾದದ್ದು ಅಕ್ಷರಗಳಲ್ಲಿ. ಇಂಗ್ಲಿಷ್ ಜಾಲತಾಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಡಿಟರ್ ವಿಮರ್ಶೆಗಳಲ್ಲಿ ಈ ವಿಷಯದ ಪ್ರಸ್ತಾಪವೇ ಇರುವುದಿಲ್ಲ.

'ಖಾನಾಪುರ' ಎಂಬ ಪದವನ್ನು ಪರಿಶೀಲಿಸಬಹುದು. ಕಣ್ಣಿಗೆ ಕಾಣುವುದು 4 ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ ಮತ್ತು ಸ್ವರಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ ಅದು 7 ಸಂಕೇತಗಳಾಗುತ್ತದೆ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಕಡತದಲ್ಲಿ ಅದು 21 ಬೈಟ್ ಸ್ಥಳವನ್ನು ಆಕ್ರಮಿಸುತ್ತದೆ. 'ಬೆಳಗಾವಿ' ಎಂಬ ಪದದ ಲೆಕ್ಕವೂ ಕಾಕತಾಳೀಯವಾಗಿ ಇದೇ: 4, 7, 21. ಪಿಎಚ್‌ಪಿಯ ಸಾಮಾನ್ಯ ಉದ್ದ ಅಳೆಯುವ ಆಜ್ಞೆಯು 21 ಎನ್ನುತ್ತದೆ. ಬಹುಬೈಟ್ ಅಕ್ಷರಗಳಿಗಾಗಿ ಇರುವ ಪ್ರತ್ಯೇಕ ಆಜ್ಞೆಯು 7 ಎನ್ನುತ್ತದೆ. ಬಿಲ್ಲಿನ ಅಂಕಣದಲ್ಲಿ 20ಕ್ಕಿಂತ ಹೆಚ್ಚು ಹಿಡಿಸದೆಂದು ಸ್ಕ್ರಿಪ್ಟ್ ಬರೆದವನು ಸಾಮಾನ್ಯ ಆಜ್ಞೆಯಿಂದ ಪದವನ್ನು ಕತ್ತರಿಸಿದರೆ, ಕೊನೆಯ ಅಕ್ಷರದ ಮೂರು ಬೈಟ್‌ಗಳಲ್ಲಿ ಒಂದು ಹೊರಗುಳಿದು, ಊರಿನ ಹೆಸರಿನ ತುದಿಯಲ್ಲಿ ಪ್ರಶ್ನೆಯ ಗುರುತುಳ್ಳ ಕಪ್ಪು ವಜ್ರ ಕಾಣಿಸಿಕೊಳ್ಳುತ್ತದೆ. ಕರ್ಸರ್ ನಿಂತ ಅಥವಾ ಆಯ್ದುಕೊಂಡ ಭಾಗದ ಬೈಟ್‌ಗಳ ಸಂಖ್ಯೆಯನ್ನು ಕೆಳಗಿನ ಪಟ್ಟಿಯಲ್ಲಿ ತೋರಿಸಬಲ್ಲ ಎಡಿಟರ್ ಇದ್ದರೆ ಇಂಥ ದೋಷ ಬೇಗ ಸಿಕ್ಕಿಬೀಳುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಯುಟಿಎಫ್-8 ಕಡತದ ಆರಂಭದಲ್ಲಿ 239, 187, 191 ಎಂಬ ಮೂರು ಬೈಟ್‌ಗಳ ಗುರುತನ್ನು ಕೆಲವು ಎಡಿಟರ್‌ಗಳು ಸೇರಿಸುತ್ತವೆ. ಇದನ್ನು ಬಿಒಎಂ ಎಂದು ಕರೆಯುತ್ತಾರೆ. ವಿಂಡೋಸ್‌ನೊಡನೆ ಬರುವ ಸಾದಾ ನೋಟ್‌ಪ್ಯಾಡ್ ದೀರ್ಘಕಾಲ ಹೀಗೆ ಸೇರಿಸುತ್ತಿತ್ತು. 2019ರ ಮೇ ತಿಂಗಳಿನ ವಿಂಡೋಸ್ 10ರ ಆವೃತ್ತಿಯಿಂದ ಮಾತ್ರ ಈ ಗುರುತಿಲ್ಲದ ಯುಟಿಎಫ್-8 ಅದರ ವಾಡಿಕೆಯಾಯಿತು. ಪಿಎಚ್‌ಪಿ ಕಡತದ ಮೊದಲಿಗೆ ಈ ಮೂರು ಬೈಟ್‌ಗಳಿದ್ದರೆ ಸರ್ವರ್ ಅವನ್ನು ಪುಟದ ಪಠ್ಯವೆಂದೇ ಭಾವಿಸಿ ಮೊದಲೇ ಕಳುಹಿಸಿಬಿಡುತ್ತದೆ. ಆ ಬಳಿಕ ಕಳುಹಿಸಬೇಕಾದ ಶಿರೋಭಾಗದ ಮಾಹಿತಿ ಹೋಗುವುದಿಲ್ಲ. ಪರಿಣಾಮವಾಗಿ ಗ್ರಾಹಕ ಲಾಗಿನ್ ಆಗಲಾರ, ಹಣ ಪಾವತಿಯ ಪುಟಕ್ಕೆ ಸಾಗಲಾರ. ದೋಷ ಸಂದೇಶವು ಶಿರೋಭಾಗ ಆಗಲೇ ಹೋಗಿದೆಯೆಂದು ಹೇಳುತ್ತದೆ, ಕಡತದ ಒಂದನೆಯ ಸಾಲನ್ನು ತೋರಿಸುತ್ತದೆ. ಆ ಸಾಲಿನಲ್ಲಿ ನೋಡಿದರೆ ಯಾವ ದೋಷವೂ ಇರುವುದಿಲ್ಲ. ಫೋನ್ ಸಂಖ್ಯೆಯೊಂದನ್ನು ತಿದ್ದಲೆಂದು ಕಚೇರಿಯ ಗುಮಾಸ್ತ ಹಳೆಯ ಯಂತ್ರದ ನೋಟ್‌ಪ್ಯಾಡ್‌ನಲ್ಲಿ ಕಡತ ತೆರೆದು ಉಳಿಸಿದ್ದೇ ಇಷ್ಟಕ್ಕೆಲ್ಲ ಸಾಕಾಗುತ್ತದೆ. ಕಡತದ ಅಕ್ಷರ ಸಂಕೇತವನ್ನು ಸದಾ ತೋರಿಸುವ ಮತ್ತು ಬಿಒಎಂ ಇಲ್ಲದೆ ಉಳಿಸುವ ಸೌಲಭ್ಯವಿಲ್ಲದ ಎಡಿಟರ್ ಎಷ್ಟೇ ವೇಗದ್ದಾದರೂ ಇಲ್ಲಿನ ಕೆಲಸಕ್ಕೆ ಅನರ್ಹ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಷುಯಲ್ ಸ್ಟುಡಿಯೋ ಕೋಡ್ ಎರಡರಲ್ಲಿಯೂ ಈ ಸೌಲಭ್ಯವಿದೆ.

ಅನುಸ್ವಾರದ ವಿಷಯವೂ ಕುತೂಹಲಕರ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಅಂಕಿ ಸೊನ್ನೆ ನೋಡಲು ಒಂದೇ ತೆರನಾಗಿವೆ, ಸಂಕೇತ ಮಾತ್ರ ಬೇರೆ. ಅವಸರದಲ್ಲಿ 'ಹೆಂಚು' ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೆ ಪುಟದಲ್ಲಿ ಪದ ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕುವ ಗ್ರಾಹಕನಿಗೆ ಆ ಸರಕು ಸಿಗುವುದಿಲ್ಲ. ಪರದೆಯ ಮೇಲೆ ಮೂಡದ ಜೋಡಣೆಯ ಚಿಹ್ನೆಗಳದೂ ಇದೇ ಕಥೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2021ರ ನವೆಂಬರ್‌ನಲ್ಲಿ, ಅದೃಶ್ಯ ಚಿಹ್ನೆಗಳ ಮೂಲಕ ಸ್ಕ್ರಿಪ್ಟ್‌ನಲ್ಲಿ ವಂಚಕ ಆಜ್ಞೆಗಳನ್ನು ಹುದುಗಿಸಬಹುದೆಂದು ತೋರಿಸಿಕೊಟ್ಟ ನಂತರ ವಿಷುಯಲ್ ಸ್ಟುಡಿಯೋ ಕೋಡ್ ಇಂಥ ಚಿಹ್ನೆಗಳ ಸುತ್ತ ಚೌಕ ಹಾಕಿ ಎಚ್ಚರಿಸತೊಡಗಿತು. ಕನ್ನಡ ಪಠ್ಯದಲ್ಲಿ ಈ ಚಿಹ್ನೆಗಳು ನ್ಯಾಯವಾಗಿಯೇ ಬರಬಹುದಾದ್ದರಿಂದ ಚೌಕ ಕಂಡ ಕಡೆಯೆಲ್ಲ ಅಳಿಸಿಹಾಕುವುದು ಸಲ್ಲದು. ಅಳಿಸಿದರೆ ಕೆಲವು ಒತ್ತಕ್ಷರಗಳ ರೂಪ ಕೆಡುತ್ತದೆ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶಗಳ ಆಸ್ಕಿ ಮಾದರಿಯಲ್ಲಿ ಸಿದ್ಧಪಡಿಸಿದ ಬೆಲೆಪಟ್ಟಿಗಳು ಇನ್ನೂ ಹಲವು ಕಚೇರಿಗಳಲ್ಲಿವೆ. ಅವನ್ನು ನೇರವಾಗಿ ಎಡಿಟರ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಮಾತ್ರ ಕಾಣುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒಬ್ಬರು ಕುಳಿತು ಓದಿ ತಾಳೆ ನೋಡಿ, ಬಳಿಕವೇ ಸೇರಿಸಬೇಕು.

ಪುನಃ ಹೆಸರಿನ ಬದಲಾವಣೆಗೆ ಬರುವುದಾದರೆ, ಇಂಗ್ಲಿಷಿನಲ್ಲಿ ಇಡಿಯ ಪದವನ್ನು ಹುಡುಕುವ ಸೌಲಭ್ಯ ಉಪಯುಕ್ತ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ, ಇಡಿಯ ಪದವೆಂದು ಹುಡುಕಿದರೆ 'ಬೆಳಗಾವಿಯಲ್ಲಿ', 'ಬೆಳಗಾವಿಗೆ' ಎಂಬುವು ತಪ್ಪಿಹೋಗುತ್ತವೆ. ನೂರಾರು ಕಡತಗಳಲ್ಲಿ ಹುಡುಕಿ, ಪ್ರತಿಯೊಂದು ಸ್ಥಳವನ್ನೂ ಬದಲಾವಣೆಗೆ ಮೊದಲು ಪಟ್ಟಿ ಮಾಡಿ ತೋರಿಸುವ ಎಡಿಟರ್ ಈ ಕೆಲಸಕ್ಕೆ ಯೋಗ್ಯ. ವೇಗ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಫಲಿತಾಂಶ ತಡವಾಗಿ ಬಂದರೆ ಮನುಷ್ಯ ಪರಿಶೀಲಿಸದೆ ಎಲ್ಲವನ್ನೂ ಒಪ್ಪಿಬಿಡುತ್ತಾನೆ.

ಘಟ್ಟದ ಸೆರಗಿನಲ್ಲಿ

ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ಸೆರಗಿನಲ್ಲಿದೆ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಅಪಾರ ಮಳೆ ಬೀಳುವ ಇಂಥ ಕಡೆ ಗಾಳಿಗೆ ಮರ ಬಿದ್ದು ವಿದ್ಯುತ್ ಹೋಗುವುದೂ, ಸಂಪರ್ಕ ಕಡಿಯುವುದೂ ಮಳೆಗಾಲದ ದಿನಚರಿ. ಉದ್ಯಮಬಾಗ್‌ನ ಕಾರ್ಖಾನೆಯ ಹವಾನಿಯಂತ್ರಿತ ಕೊಠಡಿಗೆ ಒಪ್ಪುವ ಕಾರ್ಯವಿಧಾನ ಲೋಂಡಾದ ಬಳಿಯ ಒಂದು ಕಚೇರಿಗೆ ಒಪ್ಪಲಾರದು.

ಇಂಥಲ್ಲಿ ಸರ್ವರ್‌ನಲ್ಲಿರುವ ಕಡತವನ್ನು ನೇರವಾಗಿ ತೆರೆದು ತಿದ್ದುವುದು ಅಪಾಯಕರ. ಉಳಿಸುವ ಕ್ಷಣದಲ್ಲಿ ಸಂಪರ್ಕ ತಪ್ಪಿದರೆ ಅರ್ಧ ಕಡತ ಮಾತ್ರ ಸರ್ವರ್ ಸೇರಿ, ಜಾಲತಾಣವೇ ಬಿಳಿಯ ಪುಟವಾಗುತ್ತದೆ. ಕಡತಗಳ ಪ್ರತಿಯನ್ನು ತನ್ನ ಯಂತ್ರದಲ್ಲಿಯೇ ಇರಿಸಿಕೊಂಡು, ಅಲ್ಲಿ ತಿದ್ದಿ, ಪರೀಕ್ಷಿಸಿ, ಬಳಿಕ ಒಮ್ಮೆಗೆ ಏರಿಸುವುದು ಕ್ಷೇಮ. ಎಡಿಟರ್ ಅಂತರ್ಜಾಲವಿಲ್ಲದೆಯೂ ಪೂರ್ಣವಾಗಿ ಕೆಲಸ ಮಾಡುವಂತಿರಬೇಕು. ಬ್ರೌಸರ್‌ನೊಳಗೇ ನಡೆಯುವ ಎಡಿಟರ್‌ಗಳು ಈ ಕಾರಣಕ್ಕಾಗಿ ಇಲ್ಲಿ ಎರಡನೆಯ ಆಯ್ಕೆಯಷ್ಟೆ.

ವಿದ್ಯುತ್ ಹೋದಾಗ ಉಳಿಸದೆ ಬಿಟ್ಟ ಬರಹದ ಗತಿಯೇನು? ವಿಮ್ ಎಡಿಟರ್ ಬದಲಾವಣೆಗಳನ್ನು ಒಂದು ಜೊತೆ ಕಡತದಲ್ಲಿ ಬರೆದಿಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಾಡಿಕೆಯಂತೆ 7 ಸೆಕೆಂಡಿಗೊಮ್ಮೆ ಪ್ರತಿ ಇಡುತ್ತದೆ. ವಿಷುಯಲ್ ಸ್ಟುಡಿಯೋ ಕೋಡ್ ಕೂಡ ಉಳಿಸದ ಬರಹವನ್ನು ನೆನಪಿಟ್ಟುಕೊಂಡು ಮುಂದಿನ ಬಾರಿ ತೆರೆದಾಗ ಒದಗಿಸುತ್ತದೆ. ಹಾಗಿದ್ದರೂ ಯುಪಿಎಸ್‌ಗೆ ಇವು ಬದಲಿಯಲ್ಲ. ಡಿಸ್ಕಿಗೆ ಬರೆಯುತ್ತಿರುವಾಗಲೇ ಯಂತ್ರ ನಿಂತರೆ ಉಳಿದ ಕಡತ ಖಾಲಿಯಾಗಿರುವ ಸಂಭವವಿದೆ. ಹೊಸ ಯಂತ್ರಕ್ಕೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಯುಪಿಎಸ್‌ನ ಬ್ಯಾಟರಿಗೆ ತೆಗೆದಿರಿಸುವುದು ಖಾನಾಪುರದ ಮಟ್ಟಿಗೆ ಹೆಚ್ಚಿನ ಲಾಭ ತರುತ್ತದೆ.

ಮುಂದುವರಿಯುವ ಸಂಸ್ಥೆಯ ಪ್ರಶ್ನೆ

ಒಂದು ಕಂಪನಿ ಮುಂದಿನ ವರ್ಷವೂ ನಡೆಯುವುದೇ ಎಂಬುದನ್ನು ಲೆಕ್ಕಪರಿಶೋಧಕ ಪರಿಶೀಲಿಸುವಂತೆ ಎಡಿಟರ್ ವಿಷಯದಲ್ಲಿಯೂ ಪರಿಶೀಲಿಸುವುದು ಒಳಿತು. ಅಡೋಬಿ ಸಂಸ್ಥೆಯು ಬ್ರಾಕೆಟ್ಸ್ ಎಡಿಟರ್‌ಗೆ ನೀಡುತ್ತಿದ್ದ ಬೆಂಬಲವನ್ನು 2021ರ ಸೆಪ್ಟೆಂಬರ್ 1ರಂದು ನಿಲ್ಲಿಸಿತು. 2014ರಲ್ಲಿ ಬಂದು ಬಹಳ ಜನಪ್ರಿಯವಾಗಿದ್ದ ಗಿಟ್‌ಹಬ್‌ನ ಆಟಮ್ 2022ರ ಡಿಸೆಂಬರ್ 15ರಂದು ಮುಕ್ತಾಯವಾಯಿತು. ಎಲೆಕ್ಟ್ರಾನ್ ಚೌಕಟ್ಟು ಮೂಲತಃ ಆಟಮ್‌ಗಾಗಿಯೇ ಹುಟ್ಟಿದ್ದೆಂಬುದು ಇಲ್ಲಿನ ವ್ಯಂಗ್ಯ. ಉಚಿತವಾಗಿ ಸಿಗುವುದನ್ನು ನಿಲ್ಲಿಸುವಾಗ ಯಾರ ಅಪ್ಪಣೆಯೂ ಬೇಕಿಲ್ಲ. ಕಡತಗಳು ಸಾದಾ ಪಠ್ಯವಾಗಿರುವವರೆಗೆ ಬೇರೆ ಎಡಿಟರ್‌ಗೆ ಹೋಗುವುದು ಕಷ್ಟವಲ್ಲ; ಒಂದೇ ಎಡಿಟರ್‌ಗೆ ಸೀಮಿತವಾದ ಯೋಜನಾ ಕಡತಗಳಲ್ಲಿ ಕೆಲಸವನ್ನು ಹೂತಿಟ್ಟವರಿಗೆ ಮಾತ್ರ ಕಷ್ಟ. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದದಿಂದಾಗಿ, ತಪ್ಪು ತೋರಿಸುವ, ಪದ ಪೂರ್ಣಗೊಳಿಸುವ ಸೌಲಭ್ಯಗಳು ಒಂದೇ ಎಡಿಟರ್‌ಗೆ ಸೀಮಿತವಾಗದೆ ಹಲವು ಎಡಿಟರ್‌ಗಳಲ್ಲಿ ದೊರೆಯತೊಡಗಿವೆ.

ಆಯ್ಕೆಯ ವಿಷಯದಲ್ಲಿ ಹೇಳಬೇಕಾದುದು ಇಷ್ಟು. ತಿಂಗಳಿಗೆ ನಾಲ್ಕು ಸಲ ಬೆಲೆ, ವಿಳಾಸ ತಿದ್ದುವ ಕಚೇರಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಧಾರಾಳವಾಗಿ ಸಾಕು. ದಿನವಿಡೀ ಸ್ಕ್ರಿಪ್ಟ್ ಬರೆಯುವವರಿಗೆ 8 ಜಿಬಿ ಅಥವಾ ಹೆಚ್ಚಿನ ಸ್ಮೃತಿಯಿದ್ದಲ್ಲಿ ವಿಷುಯಲ್ ಸ್ಟುಡಿಯೋ ಕೋಡ್ ಒಪ್ಪುತ್ತದೆ. ಪಿಎಚ್‌ಪಿಯಲ್ಲಿ ದೊಡ್ಡ ವ್ಯವಸ್ಥೆಯನ್ನೇ ಕಟ್ಟುವವರು ಹಣ ಕೊಟ್ಟು ಪಿಎಚ್‌ಪಿಸ್ಟಾರ್ಮ್ ಕೊಳ್ಳುವುದರಲ್ಲಿ ಅರ್ಥವಿದೆ. ಸಬ್ಲೈಮ್ ಟೆಕ್ಸ್ಟ್ ವೇಗಕ್ಕೆ ಹೆಸರಾದುದು; ಕೊಳ್ಳುವ ಮುನ್ನ ಅದರಲ್ಲಿ ಒತ್ತಕ್ಷರಗಳುಳ್ಳ ಒಂದು ಪುಟ ಕನ್ನಡವನ್ನು ಬರೆದು, ಕರ್ಸರ್ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಯಾವುದೇ ಎಡಿಟರ್ ಆಗಲಿ, ಪರೀಕ್ಷೆ ನಡೆಯಬೇಕಾದದ್ದು ತನ್ನದೇ ಹಳೆಯ ಯಂತ್ರದಲ್ಲಿ, ತನ್ನದೇ ಅತಿ ದೊಡ್ಡ ಕಡತದೊಡನೆ.

ಪರವಾನಗಿ ಮತ್ತು ತೆರಿಗೆ

ಮುಕ್ತ ತಂತ್ರಾಂಶದ ಎಡಿಟರ್‌ನಲ್ಲಿ ಬರೆದ ಸ್ಕ್ರಿಪ್ಟ್ ಕೂಡ ಮುಕ್ತವಾಗಿಬಿಡುವುದೇ ಎಂಬ ಅಳುಕು ಕೆಲವರಲ್ಲಿದೆ. ಹಾಗಾಗುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಜಿಪಿಎಲ್ ಪರವಾನಗಿ ಅನ್ವಯಿಸುವುದು ಆ ಎಡಿಟರ್‌ಗೆ, ಅದರಲ್ಲಿ ಬರೆದುದಕ್ಕಲ್ಲ.

ಕೊಂಡ ಎಡಿಟರ್‌ನ ಲೆಕ್ಕ ಹೀಗೆ: ವಾರ್ಷಿಕ ಚಂದಾ ಆದರೆ ರಾಜಸ್ವ ವೆಚ್ಚ, ಮಾರ್ಚ್ 31ರ ನಂತರದ ಅವಧಿಗೆ ಸಂದ ಭಾಗ ಮುಂಗಡ ವೆಚ್ಚ. ಶಾಶ್ವತ ಪರವಾನಗಿ ಆದರೆ ಬಂಡವಾಳ ವೆಚ್ಚ. ಆದಾಯ ತೆರಿಗೆ ನಿಯಮಗಳಲ್ಲಿ ಗಣಕಯಂತ್ರ ಮತ್ತು ತಂತ್ರಾಂಶಗಳ ಸವಕಳಿ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಗಿತ್ತು.

ಇಂಥ ಪರವಾನಗಿಗಳನ್ನು ಮಾರುವವರು ಬಹುತೇಕ ವಿದೇಶದವರು. ನೋಂದಾಯಿತ ವ್ಯಾಪಾರಿಯು ಅವರಿಂದ ಅಂತರ್ಜಾಲದ ಮೂಲಕ ಪರವಾನಗಿ ಪಡೆದರೆ ಅದು ಸೇವೆಯ ಆಮದು ಎನಿಸಿ, ರಿವರ್ಸ್ ಚಾರ್ಜ್ ಅಡಿಯಲ್ಲಿ ಐಜಿಎಸ್‌ಟಿಯನ್ನು ಖರೀದಿದಾರನೇ ನಗದಾಗಿ ಪಾವತಿಸಿ, ಬಳಿಕ ಹೂಡುವಳಿ ತೆರಿಗೆ ಜಮೆ ಪಡೆಯಬೇಕಾಗುತ್ತದೆ. ಕ್ರೆಡಿಟ್ ಕಾರ್ಡ್‌ನಿಂದ ಹೋದ ಸಣ್ಣ ಮೊತ್ತವೆಂದು ಇದು ಮರೆತುಹೋಗುವುದೇ ಹೆಚ್ಚು. ಖರೀದಿಯ ಸಮಯದಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸದಿದ್ದರೆ ಮಾರಾಟಗಾರನು ಸಾಮಾನ್ಯ ಗ್ರಾಹಕನೆಂದು ಭಾವಿಸಿ ತೆರಿಗೆ ಸೇರಿಸುತ್ತಾನೆ. ಆ ತೆರಿಗೆ ಜಮೆಗೆ ಬರುವುದಿಲ್ಲ. ಖಾನಾಪುರದ ಹೆಂಚು, ಇಟ್ಟಿಗೆ ತಯಾರಕರು ಇನ್ನೊಂದನ್ನು ಗಮನಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ, ತೆರಿಗೆ ಜಮೆಯಿಲ್ಲದ ವಿಶೇಷ ದರವನ್ನು ಆಯ್ದುಕೊಂಡವರಿಗೆ ಎಡಿಟರ್ ಮೇಲಿನ ತೆರಿಗೆ ಪೂರ್ತಿಯಾಗಿ ಖರ್ಚೇ. ಅವರ ಹೋಲಿಕೆಯಲ್ಲಿ ತೆರಿಗೆ ಸೇರಿದ ಬೆಲೆಯೇ ಇರಬೇಕು.

ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಉತ್ತರ ನೀಡಿದೆ. ಬಳಕೆಯ ಹಕ್ಕನ್ನಷ್ಟೇ ಪಡೆದು ವಿದೇಶಿ ಮಾರಾಟಗಾರನಿಗೆ ಕೊಡುವ ಹಣವು ತೆರಿಗೆ ಒಪ್ಪಂದಗಳ ಪ್ರಕಾರ ರಾಯಲ್ಟಿಯಲ್ಲ, ಆದ್ದರಿಂದ ಕಡಿತವೂ ಬೇಕಿಲ್ಲ.

ತಿದ್ದಿದವರು ಯಾರು?

ಕೆಲವು ಕಂಪನಿಗಳು ಮಾರಾಟದ ಬಿಲ್ಲು, ದಾಸ್ತಾನು, ಗ್ರಾಹಕರ ಖಾತೆಗಳನ್ನು ತಾವೇ ಬರೆಸಿಕೊಂಡ ವೆಬ್ ಸ್ಕ್ರಿಪ್ಟ್‌ಗಳಲ್ಲಿ ನಡೆಸುತ್ತವೆ. ಕಂಪನಿಗಳ ಲೆಕ್ಕಪತ್ರ ನಿಯಮಗಳ ಪ್ರಕಾರ 2023ರ ಏಪ್ರಿಲ್ 1ರಿಂದ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಮತ್ತು ಆ ದಾಖಲೆಯನ್ನು ಸ್ಥಗಿತಗೊಳಿಸಲು ಸಾಧ್ಯವಿರಬಾರದು. ಮನೆಯಲ್ಲಿಯೇ ಬರೆಸಿದ ಸ್ಕ್ರಿಪ್ಟ್ ಲೆಕ್ಕಪುಸ್ತಕವಾಗಿ ಬಳಕೆಯಾಗುತ್ತಿದ್ದರೆ ಈ ನಿಯಮದಿಂದ ವಿನಾಯಿತಿಯಿಲ್ಲ. ಲೆಕ್ಕಪರಿಶೋಧಕ ತನ್ನ ವರದಿಯಲ್ಲಿ ಈ ಬಗ್ಗೆ ಹೇಳಲೇಬೇಕಾಗುತ್ತದೆ.

ಎಡಿಟರ್ ಒಳಗೆ ಬರುವುದು ಇಲ್ಲಿಯೇ. ಸರ್ವರ್‌ನ ಪಾಸ್‌ವರ್ಡ್ ಇರುವವನು ಯಾವುದೇ ಎಡಿಟರ್ ತೆರೆದು, ಬದಲಾವಣೆಗಳನ್ನು ದಾಖಲಿಸುವ ನಾಲ್ಕು ಸಾಲುಗಳ ಮುಂದೆ ಎರಡು ಓರೆಗೆರೆ ಹಾಕಿದರೆ ಸಾಕು, ದಾಖಲಾತಿ ನಿಂತುಹೋಗುತ್ತದೆ. ತಿಂಗಳ ನಂತರ ಓರೆಗೆರೆಗಳನ್ನು ತೆಗೆದರೆ ಯಾರಿಗೂ ತಿಳಿಯದು. ಎಡಿಟರ್ ತನ್ನೊಳಗೆ ಇಟ್ಟುಕೊಳ್ಳುವ ಬದಲಾವಣೆಯ ಇತಿಹಾಸವು ಅದನ್ನು ಬಳಸಿದವನ ಯಂತ್ರದಲ್ಲಿಯೇ ಇರುವುದರಿಂದ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ವ್ಯವಸ್ಥೆಯಲ್ಲಿ ಪ್ರತಿ ಬದಲಾವಣೆಗೂ ಹೆಸರು, ದಿನಾಂಕ, ಹಿಂದಿನ ದಾಖಲೆಯೊಂದಿಗೆ ಬೆಸೆದ ಗುರುತು ಇರುತ್ತದೆ. ಈಚಿನ ಎಡಿಟರ್‌ಗಳು ಗಿಟ್ ಅನ್ನು ತಮ್ಮೊಳಗೆ ಅಳವಡಿಸಿಕೊಂಡಿವೆ. ಆದರೂ ಗಿಟ್‌ನ ಇತಿಹಾಸವನ್ನು ಬಲ್ಲವನು ಮರುಬರೆಯಬಲ್ಲ. ಆದ್ದರಿಂದ ಅದರ ಒಂದು ಪ್ರತಿ ಸ್ಕ್ರಿಪ್ಟ್ ಬರೆಯುವವನ ಕೈಗೆ ಸಿಗದ ಕಡೆ, ಮಾಲೀಕರ ಅಥವಾ ಲೆಕ್ಕ ವಿಭಾಗದ ಅಧೀನದಲ್ಲಿ ಇರಬೇಕು. ಸರ್ವರ್‌ಗೆ ಕಡತ ಏರಿಸುವ ಅಧಿಕಾರವೂ ಬರೆದವನಿಗಲ್ಲದೆ ಇನ್ನೊಬ್ಬರಿಗಿರುವುದು ಲೇಸು.

ಸಂಕೇತವನ್ನು ತಾನಾಗಿಯೇ ಪೂರ್ಣಗೊಳಿಸುವ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಎಡಿಟರ್‌ಗಳಲ್ಲಿ ಬಂದಿವೆ. ಇವುಗಳಲ್ಲಿ ಹಲವು, ತೆರೆದಿರುವ ಕಡತದ ಭಾಗಗಳನ್ನು ಹೊರಗಿನ ಸರ್ವರ್‌ಗೆ ಕಳುಹಿಸುತ್ತವೆ. ಗ್ರಾಹಕರ ಹೆಸರು, ಬಾಕಿ ಮೊತ್ತಗಳಿರುವ ದತ್ತಾಂಶದ ಪ್ರತಿಯನ್ನೋ, ಬ್ಯಾಂಕಿನ ಪಾಸ್‌ವರ್ಡ್ ಇರುವ ಕಡತವನ್ನೋ ಅದೇ ಎಡಿಟರ್‌ನಲ್ಲಿ ತೆರೆಯುವ ಮುನ್ನ ಆ ಸೌಲಭ್ಯವನ್ನು ಆರಿಸಿರಬೇಕು.

ಪರಿಶೋಧನೆಗೆ ಮುನ್ನ ಸಿದ್ಧವಾಗಿರಿಸಬೇಕಾದ ಕಾಗದ ಹೆಚ್ಚೇನಲ್ಲ. ಸರ್ವರ್‌ನ ಪಾಸ್‌ವರ್ಡ್ ಯಾರ ಯಾರ ಬಳಿ ಇದೆ, ಕೆಲಸ ಬಿಟ್ಟವರ ಪಾಸ್‌ವರ್ಡ್ ಯಾವ ದಿನ ರದ್ದಾಯಿತು, ವರ್ಷದಲ್ಲಿ ಬಿಲ್ಲಿನ ಸ್ಕ್ರಿಪ್ಟ್ ಎಷ್ಟು ಬಾರಿ ಬದಲಾಯಿತು, ಪ್ರತಿ ಬಾರಿ ಯಾರು ಒಪ್ಪಿಗೆ ನೀಡಿದರು ಎಂಬ ಒಂದು ಪುಟದ ಪಟ್ಟಿ. ಅದರೊಡನೆ ಗಿಟ್‌ನ ದಿನಾಂಕಗಳು ಮತ್ತು ಸರ್ವರ್‌ನಲ್ಲಿರುವ ಕಡತದ ದಿನಾಂಕಗಳು. ಇವೆರಡರ ನಡುವೆ ವ್ಯತ್ಯಾಸವಿರುವ ಕಡತವನ್ನೇ ಪರಿಶೋಧಕ ಮೊದಲು ತೆರೆಯುತ್ತಾನೆ.